ಎಂಡೋಸಲ್ಫಾನ್: ಮರೆಯಬಾರದ ಪಾಠ



ನಮ್ಮ ಹಿರಿಯರಿಗೆ ತೋಟದ ಮದ್ದೆಂದರೆ ಹೆಚ್ಚಾಗಿ ಮೈಲುತುತ್ತು-ಸುಣ್ಣದ ಬೋರ್ಡೋ. ಡಬ್ಬಿಯ ವಿಷಗಳು ಬಂದದ್ದು ಆಮೇಲೆ. ಅವುಗಳಲ್ಲಿ ಎಂಡೋಸಲ್ಫಾನಿನ ಕತೆ ನಾವು ಮರೆಯುವಂಥದ್ದಲ್ಲ.

ಗೇರು ಹೂವು ಕರಟಿಸುವ ಟೀ ಸೊಳ್ಳೆಯನ್ನು ಕೊಲ್ಲಲು, ಕಾಸರಗೋಡಿನ ಸರಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಸುರಂಗ, ತೋಡು. ಮದ್ದು ಸೊಳ್ಳೆಗೆ ಮಾತ್ರ ತಾಗುತ್ತದೆಯೇ? ಎಣ್ಮಕಜೆಯ ಪಡ್ರೆಯಲ್ಲಿ, ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆಗಳಲ್ಲಿ ಅಂಗವಿಕಲ, ಬುದ್ಧಿಮಾಂದ್ಯ ಮಕ್ಕಳಿರುವ ಮನೆಗಳು ಎಷ್ಟೋ. ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲೇ ಎಚ್ಚರಿಸಿದರು. ಕೇಳಿದವರು ಕಡಿಮೆ. ಕರ್ನಾಟಕ ಸರಕಾರ 2011ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟು ಅದೇ ವರ್ಷ ಮೇ 13ರಂದು ದೇಶಕ್ಕೇ ಇದನ್ನು ನಿಲ್ಲಿಸಿತು.

ಅಲ್ಲಿಯವರೆಗೆ ಆ ಡಬ್ಬಿ ನಮ್ಮ ಸಂಘದ ಕಪಾಟಿನಲ್ಲೂ ಇತ್ತು. ಲೇಬಲ್ ಓದಿ ಹೇಳುವ ಕ್ರಮ ನಮ್ಮಲ್ಲಿರಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಒಂದು ವಿಷ ಹೋಯ್ತು, ಬೇರೆಯವು ಇವೆ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಾದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಗಾಳಿಗೆ ಎದುರಾಗಿ ಮದ್ದು ಬಿಡಬೇಡಿ, ಖಾಲಿ ಡಬ್ಬಿ ತೋಡಿಗೆ ಎಸೆಯಬೇಡಿ. ಬೆಳ್ಳಿಹಬ್ಬದ ವರ್ಷದಿಂದ ನಮ್ಮ ಸಂಘದಲ್ಲಿ ಮದ್ದಿನ ಬಿಲ್ಲಿನ ಜೊತೆ ಈ ಮಾತನ್ನೂ ಹೇಳಿ ಕೊಡುವಂತಾಗಲಿ.