ಮುದುಕಿಯ ಹಲ್ಲಿನಿಂದ ಅಂಗೈ ಯಂತ್ರದವರೆಗೆ: ರೌಟರ್ ನಡೆದು ಬಂದ ದಾರಿ

(ನಮ್ಮ ಕೂಟದ ತಿಂಗಳ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಅವರು ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತನಾಡುವುದು ವಾಡಿಕೆ. ನಾವು ಇಂದು ಬಡಗಿಯ ಆಯುಧವೊಂದರ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣ ನಮ್ಮ ಎಡಗೈಯ ತೋರುಬೆರಳು. ಕೆಲವು ವರ್ಷಗಳ ಹಿಂದೆ, ಮನೆಗೊಂದು ದೇವರ ಮಂಟಪವನ್ನು ನಾವೇ ಮಾಡಬೇಕೆಂಬ ಹಂಬಲದಿಂದ, ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ರೌಟರ್ ಯಂತ್ರವೊಂದನ್ನು ಕೊಂಡು ತಂದೆವು. ಗ್ಯಾರೇಜಿನಲ್ಲಿ ಚೆರ್ರಿ ಮರದ ಸಣ್ಣ ಪಟ್ಟಿಯೊಂದನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಿಂದ ಯಂತ್ರವನ್ನು ಅಂಚಿನ ಮೇಲೆ ನಡೆಸಿದೆವು. ನಡೆಸಿದ್ದು ತಪ್ಪು ದಿಕ್ಕಿಗೆ. ಯಂತ್ರವು ಕಡಿವಾಣ ಕಿತ್ತ ಕುದುರೆಯಂತೆ ತಾನೇ ಮುಂದಕ್ಕೋಡಿತು, ಪಟ್ಟಿ ಹಾರಿತು, ಬೆರಳಿನ ತುದಿ ಅಲಗಿಗೆ ಸಿಕ್ಕಿತು. ನಾಲ್ಕು ಹೊಲಿಗೆಗಳಲ್ಲಿ ಮುಗಿಯಿತಾದರೂ ಅರ್ಧ ಉಗುರು ಮರಳಿ ಬರಲಿಲ್ಲ. ಹೊಲಿಗೆ ಹಾಕಿದ ಸಹೋದ್ಯೋಗಿ ಮಿತ್ರರು, ಇನ್ನು ಕಾಲು ಅಂಗುಲ ಒಳಗೆ ಹೋಗಿದ್ದರೆ ಕೀಲು ಉಳಿಯುತ್ತಿರಲಿಲ್ಲವೆಂದರು.

ಇಷ್ಟು ವರ್ಷ ಪರರ ಗಾಯಗಳನ್ನು ನೋಡಿದ ನಾವು ಈ ಆಯುಧಕ್ಕೆ ಏಕೆ ಹೆದರಲಿಲ್ಲ? ಆ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ದೊರೆತ ಉತ್ತರ ಚರಿತ್ರೆಯಲ್ಲಿತ್ತು.

ಮೊದಲು ಹೆಸರನ್ನು ನೋಡೋಣ. ಇಂದಿನ ಮಕ್ಕಳಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ಅಂತರ್ಜಾಲವನ್ನು ಮನೆಯೊಳಗೆ ಹಂಚುವ ಪೆಟ್ಟಿಗೆ. ಬಡಗಿಯ ರೌಟರ್ ಅದಕ್ಕಿಂತ ಬಹಳ ಹಿರಿಯದು. ಹಂದಿಯು ಮೂತಿಯಿಂದ ನೆಲವನ್ನು ಕೆದಕಿ ತೋಡುವುದಕ್ಕೆ ಇಂಗ್ಲಿಷಿನಲ್ಲಿರುವ ಮಾತಿನಿಂದ ಈ ಹೆಸರು ಬಂದಿದೆ. ಮರದಲ್ಲಿ ತೋಡು ತೆಗೆಯುವುದು, ಆ ತೋಡಿನ ತಳವನ್ನು ಸಮ ಆಳಕ್ಕೆ ತರುವುದು, ಅಂಚಿಗೆ ರೂಪು ಕೊಡುವುದು ಇದರ ಕೆಲಸ. ವಿದ್ಯುತ್ತಿಗೆ ಮೊದಲು ಈ ಕೆಲಸಕ್ಕಿದ್ದದ್ದು ಹತ್ತರಿಯ ಜಾತಿಗೆ ಸೇರಿದ ಒಂದು ಸರಳ ಉಪಕರಣ. ಮರದ ದಿಮ್ಮಿಯೊಂದರ ನಡುವಿನಿಂದ ಒಂಟಿ ಉಳಿಯೊಂದು ಕೆಳಗೆ ಚಾಚಿಕೊಂಡಿರುತ್ತಿತ್ತು. ಇಂಗ್ಲೆಂಡಿನ ಬಡಗಿಗಳು ಅದನ್ನು ವಿನೋದವಾಗಿ 'ಮುದುಕಿಯ ಹಲ್ಲು' ಎಂದು ಕರೆದರು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯು 1880ರ ದಶಕದಲ್ಲಿ ಅದನ್ನೇ ಎರಕದ ಕಬ್ಬಿಣದಲ್ಲಿ ತಯಾರಿಸಿ ಮಾರಾಟಕ್ಕೆ ತಂದಿತು.

ಈ ಕೆಲಸ ನಮ್ಮ ನಾಡಿಗೂ ಅಪರಿಚಿತವಲ್ಲ. ಮೈಸೂರಿನ ಬೀಟೆಮರದ ಕುಂದಣ ಕಲೆಯನ್ನು ನೆನೆಯಿರಿ. 1897ರ ಬೆಂಕಿ ಅನಾಹುತದ ನಂತರ ಕಟ್ಟತೊಡಗಿ 1912ರಲ್ಲಿ ಪೂರೈಸಿದ ಅರಮನೆಯಲ್ಲಿ, ಅಂಬಾವಿಲಾಸಕ್ಕೆ ಹೋಗುವ ಬೀಟೆಮರದ ಬಾಗಿಲಿನಲ್ಲಿ ದಂತದ ಕುಂದಣವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹೂವಿನ ಎಸಳಿಗೆ ತಕ್ಕಷ್ಟೇ ಅಗಲ, ದಂತದ ದಪ್ಪಕ್ಕೆ ತಕ್ಕಷ್ಟೇ ಆಳ ಇರುವ ಗುಳಿಯನ್ನು ಮರದಲ್ಲಿ ತೋಡುವುದೇ ಆ ಕಲೆಯ ತಳಹದಿ. ಅದನ್ನು ತೋಡುವುದು ಉಳಿ ಮತ್ತು ಕೈ. ಉಳಿಯು ಮರದ ಎಳೆಗೆ ವಿರುದ್ಧವಾಗಿ ಹೋದರೆ ಕೈಗೆ ಒಡನೆಯೇ ತಿಳಿಯುತ್ತದೆ. ಶಕ್ತಿಯೂ ಕೈಯದೇ, ಎಚ್ಚರವೂ ಕೈಯದೇ ಆದುದರಿಂದ, ಕೈ ನಿಂತರೆ ಉಳಿಯೂ ನಿಲ್ಲುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಚರಿತ್ರೆಯೆಲ್ಲ ಈ ಸಂಬಂಧ ಕಡಿದುಹೋದ ಕಥೆ.

ಕೈಯಿಂದ ಶಕ್ತಿಯನ್ನು ಬೇರ್ಪಡಿಸುವ ಯತ್ನ 18ನೆಯ ಶತಮಾನದ ಕೊನೆಯಲ್ಲಿ ಬಲಗೊಂಡಿತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1793ರಲ್ಲಿ ತಿರುಗುವ ಅಲಗುಗಳೂ ಸೇರಿದಂತೆ ಮರಗೆಲಸದ ಅನೇಕ ಯಂತ್ರಗಳಿಗೆ ಪೇಟೆಂಟ್ ಪಡೆದನು. ಮುಂದಿನ ದಶಕದಲ್ಲಿ ಪೋರ್ಟ್ಸ್‌ಮತ್ ನೌಕಾನೆಲೆಯಲ್ಲಿ ಮಾರ್ಕ್ ಬ್ರೂನೆಲ್ ವಿನ್ಯಾಸಗೊಳಿಸಿ ಹೆನ್ರಿ ಮೌಡ್ಸ್ಲೆ ನಿರ್ಮಿಸಿದ ಯಂತ್ರಗಳು ಹಡಗಿನ ರಾಟೆಗಳನ್ನು ಉಗಿಯ ಬಲದಿಂದ ತಯಾರಿಸತೊಡಗಿದವು. 19ನೆಯ ಶತಮಾನದಲ್ಲಿ ಮರಗೆಲಸದ ಕಾರ್ಖಾನೆಗಳು ಬೆಳೆದವು. ಯಂತ್ರ ನೆಲಕ್ಕೆ ನಾಟಿಕೊಂಡು ನಿಂತಿರುತ್ತಿತ್ತು. ಕೆಲಸಗಾರನು ಮರವನ್ನು ಅದರ ಬಾಯಿಗೆ ನೂಕುತ್ತಿದ್ದನು. ಹಲಗೆ ನಯಗೊಳಿಸುವ ಯಂತ್ರದ ಅಲಗು ಚೌಕಾಕಾರದ ದಿಂಡಿನ ಮೇಲೆ ಕುಳಿತಿರುತ್ತಿತ್ತು. ಚೌಕದ ಬದಿಗೂ ಮೇಜಿಗೂ ನಡುವೆ ದೊಡ್ಡ ಸಂದು ಇದ್ದುದರಿಂದ, ಕೈ ಜಾರಿದರೆ ಬೆರಳುಗಳೇ ಒಳಗೆ ಹೋಗುತ್ತಿದ್ದವು. ಅದರ ಬದಲು ದುಂಡಾದ ದಿಂಡನ್ನು ಅಳವಡಿಸಿದಾಗ ಸಂದು ಕಿರಿದಾಯಿತು. ಕೈ ಜಾರಿದರೂ ಅಲಗಿಗೆ ಸಿಕ್ಕುವುದು ಚರ್ಮದ ತೆಳು ಪದರ ಮಾತ್ರ. ಬ್ರಿಟನ್ನಿನ 1922ರ ಮರಗೆಲಸ ಯಂತ್ರಗಳ ನಿಯಮಾವಳಿಯು, ಕೈಯಿಂದ ಹಲಗೆ ನೂಕುವ ಇಂಥ ಯಂತ್ರಗಳಿಗೆ ದುಂಡು ದಿಂಡನ್ನೇ ಕಡ್ಡಾಯಗೊಳಿಸಿತು. ಮನುಷ್ಯನು ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿನ ಫಲ ಕಿರಿದಾಗಿರಲಿ ಎಂಬುದೇ ಅದರ ಹಿಂದಿನ ವಿವೇಕ. ವೈದ್ಯರಾದ ನಮಗೆ ಈ ವಿವೇಕ ಬಹಳ ಪ್ರಿಯವಾದುದು.

ಅಷ್ಟರಲ್ಲಿ ಯಂತ್ರವು ನೆಲವನ್ನು ಬಿಟ್ಟು ಕೈಗೆ ಬರತೊಡಗಿತ್ತು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆಯು ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ತಯಾರಿಸಿತು. 1917ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆಯು ಪಿಸ್ತೂಲಿನ ಹಿಡಿ ಮತ್ತು ಕುದುರೆಯುಳ್ಳ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. ಅದೇ ಕಾಲದ ಆಸುಪಾಸಿನಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಆರ್. ಎಲ್. ಕಾರ್ಟರ್ ಎಂಬವನು ವಿದ್ಯುತ್ ಮೋಟಾರಿನ ತುದಿಗೆ ಅಲಗು ಸಿಕ್ಕಿಸಿ ಕೈ ರೌಟರನ್ನು ರೂಪಿಸಿದನು. ಆ ಉದ್ಯಮವನ್ನು 1929ರಲ್ಲಿ ಕೊಂಡುಕೊಂಡದ್ದು, ಹಿಂದೆ ಮುದುಕಿಯ ಹಲ್ಲನ್ನು ಕಬ್ಬಿಣದಲ್ಲಿ ಮಾಡಿದ ಅದೇ ಸ್ಟ್ಯಾನ್ಲಿ ಕಂಪನಿ. 1949ರ ಸುಮಾರಿಗೆ ಜರ್ಮನಿಯ ಎಲು ಸಂಸ್ಥೆಯು, ಅಲಗನ್ನು ಮೇಲಿನಿಂದ ಮರದೊಳಕ್ಕೆ ಇಳಿಸಿ ಕೆಲಸ ಮುಗಿದೊಡನೆ ಮೇಲೆತ್ತುವ ಹೊಸ ಮಾದರಿಯನ್ನು ತಂದಿತು. ಇವೆಲ್ಲ ಎರಡೂ ಕೈಗಳಿಂದ ಹಿಡಿಯಬೇಕಾದ ಭಾರದ ಯಂತ್ರಗಳು.

ಹಾಗಾದರೆ ಅಂಗೈ ಯಂತ್ರ ಹುಟ್ಟಿದ್ದೇಕೆ? ಅದರ ಉತ್ತರ ನಮ್ಮ ಅಡುಗೆಮನೆಗಳಲ್ಲಿದೆ. 1913ರಲ್ಲಿ ಸಿನ್ಸಿನಾಟಿಯಲ್ಲಿ ಓಕಾನರ್ ಮತ್ತು ಫೇಬರ್ ಎಂಬ ಇಬ್ಬರು ಎಂಜಿನಿಯರುಗಳು ಒಂದು ಉದ್ಯಮ ತೆರೆದರು. ವಿದ್ಯುತ್ ನಿರೋಧಕವಾಗಿ ಬಳಸುತ್ತಿದ್ದ ಅಭ್ರಕಕ್ಕೆ, ಎಂದರೆ ಮೈಕಾಗೆ, ಬದಲಿಯಾಗಿ ಅವರು ತಯಾರಿಸಿದ ಹಾಳೆಗೆ ಫಾರ್ಮೈಕಾ ಎಂದು ಹೆಸರಾಯಿತು. ಊರಿನಲ್ಲಿ ನಾವೆಲ್ಲ ಮೇಜಿಗೂ ಕಪಾಟಿಗೂ ಅಂಟಿಸಿದ್ದ ಸನ್‌ಮೈಕಾ ಅದೇ ಬಳಗದ್ದು. ಎರಡನೆಯ ಮಹಾಯುದ್ಧದ ನಂತರ ಅಡುಗೆಮನೆಯ ಕಟ್ಟೆಗಳಿಗೆಲ್ಲ ಈ ಹಾಳೆ ಹೊದಿಸುವುದು ರೂಢಿಯಾದಾಗ, ಹೊರಚಾಚಿದ ತೆಳು ಅಂಚನ್ನು ಸವರಲು ಒಂದೇ ಕೈಯಲ್ಲಿ ಹಿಡಿಯಬಹುದಾದ ಪುಟ್ಟ ರೌಟರ್ ಬೇಕಾಯಿತು. ಆ ಹಾಳೆ ಉಕ್ಕಿನ ಅಲಗನ್ನು ಬೇಗ ಮೊಂಡಾಗಿಸುತ್ತಿತ್ತು. ಅದಕ್ಕೂ ಪರಿಹಾರ ಸಿದ್ಧವಿತ್ತು: 1920ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ, ವಜ್ರಕ್ಕೆ ಹೋಲಿಸಿ ಹೆಸರಿಟ್ಟ ಟಂಗ್‌ಸ್ಟನ್ ಕಾರ್ಬೈಡ್. ಹೀಗೆ ಕೂದಲೆಳೆಯಷ್ಟು ಪ್ಲಾಸ್ಟಿಕ್ ಸವರಲು ಹುಟ್ಟಿದ ಯಂತ್ರ, ಕ್ರಮೇಣ ಬಲ ಹೆಚ್ಚಿಸಿಕೊಂಡು, 2000ದ ದಶಕದ ವೇಳೆಗೆ ಗಟ್ಟಿ ಮರವನ್ನೂ ಕೆತ್ತುವ ಅಂಗೈ ರೌಟರ್ ಆಗಿ ಮನೆಮನೆಯ ಗ್ಯಾರೇಜನ್ನು ಸೇರಿತು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಯಂತ್ರ ಕಿರಿದಾದಂತೆ ನಮ್ಮ ಭಯವೂ ಕಿರಿದಾಯಿತು. ಅಲಗಿನ ವೇಗ ಮಾತ್ರ ಕಿರಿದಾಗಲಿಲ್ಲ. ಕೈ ಮತ್ತು ಅಲಗಿನ ನಡುವಿನ ಅಂತರವೋ, ಒಂದು ಗೇಣಿಗಿಂತ ಕಡಿಮೆಯಾಯಿತು. ಸಾಮಾನ್ಯ ಅಂಗೈ ರೌಟರ್ ನಿಮಿಷಕ್ಕೆ 16,000ದಿಂದ 30,000ದಷ್ಟು ಸುತ್ತು ತಿರುಗುತ್ತದೆ. 20,000 ಎಂದೇ ಇಟ್ಟುಕೊಳ್ಳೋಣ. ಒಂದು ಅಂಗುಲ ಅಗಲದ ಅಲಗಿನ ಅಂಚು ಆಗ ಗಂಟೆಗೆ 90 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಚಲಿಸುತ್ತಿರುತ್ತದೆ. ನೋವು ತಿಳಿದು ಕೈ ಹಿಂದೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗ ಬೇಕೆಂದರೂ, ಅಷ್ಟರಲ್ಲಿ ಎರಡು ಬಾಯಿಯ ಅಲಗು 130 ಬಾರಿ ಕೊಚ್ಚಿರುತ್ತದೆ. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ಶಸ್ತ್ರವೈದ್ಯರು ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಮರಳಿ ಜೋಡಿಸಿ ಜಗತ್ತನ್ನು ಬೆರಗುಗೊಳಿಸಿದರು. ಆದರೆ ಹಾಗೆ ಜೋಡಿಸಲು ರಕ್ತನಾಳದ ತುದಿಗಳು ಉಳಿದಿರಬೇಕು. ರೌಟರ್ ಬೆರಳನ್ನು ಕತ್ತರಿಸುವುದಿಲ್ಲ, ಅರೆದುಬಿಡುತ್ತದೆ. ಜೋಡಿಸುವವನಿಗೆ ಅದು ಏನನ್ನೂ ಉಳಿಸದೆ ಹೋಗಬಹುದು.

ಆದುದರಿಂದ ಚರಿತ್ರೆ ಕಲಿಸಿದ ಪಾಠಗಳನ್ನು ಆಚರಣೆಗೆ ತರೋಣ. ಕೈ ನಿಂತರೆ ನಿಲ್ಲುವ ಉಳಿ ಇದಲ್ಲವಾದ್ದರಿಂದ, ಅಲಗು ಬದಲಿಸುವ ಮೊದಲು ವಿದ್ಯುತ್ ತಂತಿಯನ್ನು ಗೋಡೆಯಿಂದ ಕೀಳಬೇಕು. ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಬೇಕು. ಗುಂಡಿ ಆರಿಸಿದರೆ ಸಾಲದು. ಅಲಗಿನ ಕಾಂಡವನ್ನು ಕಾಲೆಟ್ ಎಂಬ ಹಿಡಿಬಳೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಳಿಕ ಒಂದೆರಡು ಮಿಲಿಮೀಟರ್ ಮೇಲೆತ್ತಿ ಬಿಗಿಯಬೇಕು. ತಳಕ್ಕೆ ಒತ್ತಿಕೊಂಡಿದ್ದರೆ ಬಿಗಿಯುವಾಗ ಹಿಡಿತ ಪೂರ್ತಿಯಾಗದು. ತೀರ ಮೇಲಿದ್ದರೆ ಕಾಂಡ ಬಾಗೀತು. ಒಂದೇ ಸಲಕ್ಕೆ ಪೂರ್ತಿ ಆಳ ಕೆತ್ತದೆ, ಸಲಕ್ಕೆ 3 ಮಿಲಿಮೀಟರಿನಂತೆ ಹಂತಹಂತವಾಗಿ ಇಳಿಯಬೇಕು. ದೊಡ್ಡ ಅಲಗಿಗೆ ವೇಗ ತಗ್ಗಿಸಬೇಕು. ಅಲಗು ಮರವನ್ನು ಮುಟ್ಟುವ ಮೊದಲೇ ಯಂತ್ರ ಪೂರ್ಣ ವೇಗಕ್ಕೆ ಬಂದಿರಬೇಕು. ಅದು ಪೂರ್ತಿ ನಿಂತ ಮೇಲೆಯೇ ಕೆಳಗಿಡಬೇಕು. ಒಂದೇ ಕಡೆ ತಡೆದರೆ ಮರ ಸುಟ್ಟು ಕಪ್ಪಾಗುತ್ತದೆ. ಅವಸರಿಸಿದರೆ ಎಳೆ ಕಿತ್ತುಬರುತ್ತದೆ. ಹದವಾದ ನಡೆಯಲ್ಲಿರುವಾಗ ಯಂತ್ರದ ದನಿ ಏಕಸಮವಾಗಿರುತ್ತದೆ, ಕಿವಿಯೇ ಗುರು.

ದಿಕ್ಕಿನ ಮಾತನ್ನು ನಮ್ಮ ಬೆರಳು ಮರೆಯಗೊಡದು. ಮೇಲಿನಿಂದ ನೋಡಿದರೆ ಅಲಗು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದುದರಿಂದ ಹಲಗೆಯ ಹೊರ ಅಂಚುಗಳನ್ನು ಕೆತ್ತುವಾಗ ಯಂತ್ರವು ಹಲಗೆಯನ್ನು ಅಪ್ರದಕ್ಷಿಣವಾಗಿ ಸುತ್ತಬೇಕು. ಚೌಕಟ್ಟಿನ ಒಳ ಅಂಚುಗಳಲ್ಲಾದರೆ ಪ್ರದಕ್ಷಿಣವಾಗಿ. ಆಗ ಮರವು ಯಂತ್ರವನ್ನು ತಡೆಯುತ್ತದೆ, ಹತೋಟಿ ಕೈಯಲ್ಲಿರುತ್ತದೆ. ತಿರುವುಮುರುವಾದರೆ ಯಂತ್ರ ಓಡುತ್ತದೆ. ದೇವರಿಗೆ ಪ್ರದಕ್ಷಿಣೆ, ದೇವರ ಮಂಟಪದ ಹಲಗೆಗೆ ಅಪ್ರದಕ್ಷಿಣೆ ಎಂದು ನಾವು ನೆನಪಿಟ್ಟುಕೊಂಡಿದ್ದೇವೆ. ಮರವನ್ನು ಹಿಡಿಯುವುದು ಕೈಯ ಕೆಲಸವಲ್ಲ, ಹಿಡಿಕೆಯ ಕೆಲಸ. ಹಲಗೆಯನ್ನು ಮೇಜಿಗೆ ಬಿಗಿಯಾಗಿ ಕಚ್ಚಿಸಿರಬೇಕು. ಸಣ್ಣ ಪಟ್ಟಿ ಬೇಕಿದ್ದರೆ ಅಗಲವಾದ ಹಲಗೆಯ ಅಂಚನ್ನು ಮೊದಲು ಕೆತ್ತಿ, ಆಮೇಲೆ ಪಟ್ಟಿಯನ್ನು ಕೊಯ್ದುಕೊಳ್ಳಬೇಕು. ಈ ಒಂದು ಮಾತು ಅಂದು ತಿಳಿದಿದ್ದರೆ ನಮ್ಮ ಉಗುರು ಉಳಿಯುತ್ತಿತ್ತು.

ಕಣ್ಣಿಗೆ ಕಾಣದ ಗಾಯಗಳೂ ಇವೆ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜ್ಜಿನಿ ಕಸಬುದಾರರ ರೋಗಗಳ ಕುರಿತು ಗ್ರಂಥ ಬರೆದು, ರೋಗಿಯ ಕಸಬೇನೆಂಬುದನ್ನೂ ವೈದ್ಯನು ಕೇಳಬೇಕೆಂದು ವಿಧಿಸಿದನು. ಆ ಪ್ರಶ್ನೆಯ ಬೆಲೆ ಇಂಗ್ಲೆಂಡಿನಲ್ಲಿ ಕುರ್ಚಿಗಳಿಗೆ ಹೆಸರಾದ ಹೈ ವಿಕಂಬ್ ಎಂಬ ಊರಿನಲ್ಲಿ ಸಿದ್ಧವಾಯಿತು. ಅಲ್ಲಿನ ಮೂಗು ಗಂಟಲು ತಜ್ಞೆ ಎಸ್ಮೆ ಹ್ಯಾಡ್‌ಫೀಲ್ಡ್, ಮೂಗಿನ ಒಂದು ವಿರಳ ಕ್ಯಾನ್ಸರ್ ಪೀಠೋಪಕರಣದ ಕೆಲಸಗಾರರಲ್ಲಿಯೇ ಹೆಚ್ಚಾಗಿರುವುದನ್ನು ಗಮನಿಸಿದರು. 1968ರಲ್ಲಿ ಅವರೂ ಆಚೆಸನ್ ಮೊದಲಾದವರೂ ಅದನ್ನು ಅಂಕಿ ಅಂಶಗಳೊಡನೆ ಪ್ರಕಟಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ವರ್ಷಾನುಗಟ್ಟಲೆ ಧೂಳಿನಲ್ಲಿ ದುಡಿದವರ ಅಪಾಯ ಭಾನುವಾರದ ಬಡಗಿಗಳಾದ ನಮಗಿಲ್ಲ. ಆದರೂ ಯಂತ್ರಕ್ಕೆ ಧೂಳು ಹೀರುವ ಕೊಳವೆ, ಮುಖಕ್ಕೆ ಎನ್-95 ಮುಸುಕು, ಕಣ್ಣಿಗೆ ಕನ್ನಡಕ ಇರಲಿ. ಶಬ್ದದ ವಿಷಯದಲ್ಲಿ, ದಿನಕ್ಕೆ 8 ಗಂಟೆ 85 ಡೆಸಿಬೆಲ್ ಮಿತಿಯೆಂದೂ, ಪ್ರತಿ 3 ಡೆಸಿಬೆಲ್ ಏರಿಕೆಗೆ ಕಾಲ ಅರ್ಧವಾಗಬೇಕೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಅದರಂತೆ 100 ಡೆಸಿಬೆಲ್ಲಿಗೆ ದೊರೆಯುವುದು 15 ನಿಮಿಷ ಮಾತ್ರ. ಗ್ಯಾರೇಜಿನಲ್ಲಿ ಕಿವಿಮುಚ್ಚುಗೆ ಅಲಂಕಾರವಲ್ಲ.

ರಾಮಾಜ್ಜಿನಿಯ ಪ್ರಶ್ನೆಗೆ ನಾವು ಈಗ ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ಕಸಬು ಕೇಳಿದ ಮೇಲೆ, ರಜೆಯ ದಿನ ಏನು ಮಾಡುತ್ತೀರೆಂದೂ ಕೇಳುತ್ತೇವೆ. ಊರಿನಲ್ಲಿ ಬಡಗಿಯನ್ನು ಕರೆದು ಮಾಡಿಸುತ್ತಿದ್ದ ಕೆಲಸವನ್ನು ಈ ದೇಶದಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಆದರೆ ಆ ಬಡಗಿ ಬಾಲ್ಯದಿಂದ ಗುರುವಿನ ಬಳಿ ಕುಳಿತು ಕಲಿತದ್ದನ್ನು ನಾವು ಕಲಿತಿಲ್ಲ. ಅಂಗಡಿಯಲ್ಲಿ ಯಂತ್ರದ ಜೊತೆಗೆ ಅದು ಸಿಕ್ಕುವುದಿಲ್ಲ.

ಮಂಟಪ ಕೊನೆಗೂ ಪೂರೈಸಿತು. ನವರಾತ್ರಿಯ ಆಯುಧಪೂಜೆಯಂದು ಮಕ್ಕಳೊಡನೆ ಆ ಪುಟ್ಟ ರೌಟರನ್ನೂ ಒರೆಸಿ, ಹಿಡಿಬಳೆಯ ಧೂಳು ತೆಗೆದು, ತಂತಿ ಸೀಳಿದೆಯೇ ನೋಡಿ, ಮೊಂಡಾದ ಅಲಗುಗಳನ್ನು ಬೇರೆ ಇಟ್ಟು, ಬಳಿಕ ಕುಂಕುಮವಿಡುತ್ತೇವೆ. ಅಂದು ಅದನ್ನು ಓಡಿಸುವುದಿಲ್ಲ. ನಿಮ್ಮ ಗ್ಯಾರೇಜುಗಳಲ್ಲೂ ಇಂಥ ಒಂದು ಯಂತ್ರವಿದ್ದರೆ, ಈ ಹಬ್ಬದಲ್ಲಿ ಅದಕ್ಕೂ ಒಂದು ಹೂವಿಡಿ. ಇಡುವ ಮೊದಲು ತಂತಿಯನ್ನು ಗೋಡೆಯಿಂದ ಕಿತ್ತಿಡಿ.