ತಡವಾಗಿ ಬರುವ ದನಿ

ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಹಾಡನ್ನು ಧ್ವನಿಮುದ್ರಿಸಿಕೊಳ್ಳುವ ಹವ್ಯಾಸ ಈಗ ಹೊರನಾಡಿನ ಅನೇಕ ಕನ್ನಡ ಕುಟುಂಬಗಳಲ್ಲಿ ಕಾಣಬರುತ್ತದೆ. ಮಕ್ಕಳ ಭಾವಗೀತೆ, ರಾಜ್ಯೋತ್ಸವದ ಸಮೂಹಗಾನ, ಊರಿನಿಂದ ಬಂದ ಅಜ್ಜಿಯ ಹಸೆಹಾಡು, ಎಲ್ಲಕ್ಕೂ ಒಂದು ಮೈಕು, ಒಂದು ಹೆಡ್‌ಫೋನು ಸಾಕು. ಆದರೆ ಇಂಥ ಮನೆಗಳಲ್ಲಿ ಪದೇ ಪದೇ ಕೇಳಿಬರುವ ದೂರೊಂದಿದೆ. ಹಾಡು ತಾಳಕ್ಕೆ ಕೂಡುವುದಿಲ್ಲ. ಹಾಡಿದವರ ದನಿ ಅವರ ಕಿವಿಗೇ ತಡವಾಗಿ ಬಂದು ತಲುಪುತ್ತದೆ. ವಯಸ್ಸಾದವರಾದರೆ, ತಮಗಿನ್ನು ಲಯ ನಿಲ್ಲದೆಂದು ತಾವೇ ತೀರ್ಮಾನಿಸಿ, ಹೆಡ್‌ಫೋನು ತೆಗೆದಿಟ್ಟು ಎದ್ದುಬಿಡುತ್ತಾರೆ. ಹಾಗೆ ಎದ್ದವರನ್ನು ಮತ್ತೆ ಕೂರಿಸುವುದು ಸುಲಭವಲ್ಲ. ಈ ತೊಂದರೆ ಕಂಪ್ಯೂಟರಿಗಿಂತ ಹಳೆಯದು. ಅದರ ಚರಿತ್ರೆಯನ್ನು ಅರಿತರೆ ಪರಿಹಾರದ ದಾರಿಯೂ ತಾನಾಗಿ ತೋರುತ್ತದೆಯೆಂದು ನಾವು ಭಾವಿಸುತ್ತೇವೆ.

ಮೊದಲು ಟೇಪ್ ರೆಕಾರ್ಡರಿನ ಕಾಲಕ್ಕೆ ಹೋಗೋಣ. ದೊಡ್ಡ ಟೇಪ್ ಯಂತ್ರದಲ್ಲಿ ಮೂರು ಹೆಡ್ಡುಗಳು ಸಾಲಾಗಿರುತ್ತಿದ್ದವು: ಅಳಿಸುವುದು, ಬರೆಯುವುದು, ಓದುವುದು. ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿದ್ದು, ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ 3.8 ಸೆಂಟಿಮೀಟರ್ ಅಂತರವಿದ್ದರೆ, ಬರೆದದ್ದು ಕೇಳಿಸುವುದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ. ಇದೇನು ಮಹಾ ಎನ್ನಬೇಡಿ. ನಿಮಿಷಕ್ಕೆ 60 ಅಕ್ಷರಗಳ ತಾಳದಲ್ಲಿ, ಅಕ್ಷರಕ್ಕೆ ಎಂಟು ಸ್ವರ ಹಾಡುವಾಗ ಒಂದು ಸ್ವರಕ್ಕೆ ಸಿಗುವ ಕಾಲ ಸೆಕೆಂಡಿನ ಎಂಟನೆಯ ಒಂದು ಭಾಗ ಮಾತ್ರ. ಹೆಚ್ಚು ಕಡಿಮೆ ಒಂದಿಡೀ ಸ್ವರವೇ ಹಿಂದೆ ಬಿದ್ದಂತಾಯಿತು.

ಈ ಅಂತರ ಮನುಷ್ಯನನ್ನು ಎಷ್ಟು ಕಾಡಬಲ್ಲದೆಂಬುದನ್ನು ಅಮೆರಿಕದ ಬರ್ನಾರ್ಡ್ ಲೀ ಎಂಬುವರು 1950ರಲ್ಲಿ ಪ್ರಕಟಿಸಿದರು. ಮಾತನಾಡುವವರ ದನಿಯನ್ನೇ ಕೊಂಚ ತಡಮಾಡಿ ಅವರ ಕಿವಿಗೆ ಕೇಳಿಸಿದಾಗ, ಸರಾಗವಾಗಿ ಮಾತನಾಡಬಲ್ಲವರೂ ತೊದಲತೊಡಗಿದರು. ತಡ ಸೆಕೆಂಡಿನ ಐದನೆಯ ಒಂದು ಭಾಗದಷ್ಟಿದ್ದಾಗ ತೊಂದರೆ ಅತ್ಯಧಿಕವೆಂದು ಇಂಥ ಪ್ರಯೋಗಗಳಿಂದ ತಿಳಿದುಬಂತು. ಮಾತಿನ ಗತಿಯೇ ಹೀಗಾದರೆ ಹಾಡಿನ ಗತಿಯನ್ನು ಕೇಳುವಂತಿಲ್ಲ. ಆದ್ದರಿಂದ ಹೆಡ್‌ಫೋನು ತೆಗೆದಿಟ್ಟ ಅಜ್ಜಿಯ ಲಯಜ್ಞಾನ ಎಲ್ಲಿಯೂ ಹೋಗಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಅದೇ ಕಾಲದಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಅವರ ಪತ್ನಿ, ಗಾಯಕಿ ಮೇರಿ ಫೋರ್ಡ್, ಮನೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಇಬ್ಬರೇ ಇದ್ದು ಹತ್ತಾರು ಮಂದಿ ಹಾಡಿ ನುಡಿಸಿದಂತೆ ಕೇಳಿಸುವುದು ಅವರ ಗುರಿ. ಅದಕ್ಕಾಗಿ ಲೆಸ್ ಪಾಲ್ ಅಳಿಸುವ ಹೆಡ್ಡಿಗಿಂತ ಮೊದಲೇ ಓದುವ ಹೆಡ್ಡೊಂದನ್ನು ಕೂರಿಸಿ, ಹಳೆಯ ದನಿಯನ್ನೂ ಹೊಸ ದನಿಯನ್ನೂ ಬೆರೆಸಿ ಮತ್ತೆ ಅದೇ ಟೇಪಿನ ಮೇಲೆ ಬರೆದರು. ತಾಳ ಕೂಡಿತು, ಆದರೆ ಪ್ರತಿ ಸಲವೂ ಹಳೆಯದು ಅಳಿದುಹೋಗುತ್ತಿತ್ತು. ಕೊನೆಯ ಸುತ್ತಿನಲ್ಲಿ ಒಂದು ಸ್ವರ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಹಾಡಬೇಕು.

ಇದಕ್ಕೆ ಸರಿಯಾದ ಮದ್ದು ಕೊಟ್ಟದ್ದು ಆಂಪೆಕ್ಸ್ ಕಂಪನಿ. ಬರೆಯುವ ಹೆಡ್ಡಿನಿಂದಲೇ ಹಳೆಯ ಸಾಲನ್ನು ಓದಿಸುತ್ತ, ಅದೇ ಹೆಡ್ಡಿನ ಪಕ್ಕದ ಸಾಲಿನಲ್ಲಿ ಹೊಸದನ್ನು ಬರೆಯಿಸುವ ಏರ್ಪಾಡು ಅದು. ಓದು ಬರಹಗಳೆರಡೂ ಒಂದೇ ಜಾಗದಲ್ಲಿ ನಡೆದ ಮೇಲೆ ತಡವೆಲ್ಲಿಯದು? ಅದಕ್ಕೆ ಸೆಲ್-ಸಿಂಕ್ ಎಂದು ಹೆಸರಿಟ್ಟರು. ಎಂಟು ಸಾಲುಗಳ ಅಂಥ ಯಂತ್ರ 1957ರಲ್ಲಿ ಲೆಸ್ ಪಾಲ್ ಅವರ ಮನೆ ಸೇರಿತು. 1979ರಲ್ಲಿ ಜಪಾನಿನ ಟಾಸ್ಕಾಮ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಸಾಲು ಬರೆಯಬಲ್ಲ ಪೋರ್ಟಾಸ್ಟುಡಿಯೋವನ್ನು ತಂದಿತು. ಅಂಥ ಪುಟ್ಟ ಯಂತ್ರದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ಕುಳಿತು ಹಾಡಿದ ಹಾಡುಗಳೇ 1982ರಲ್ಲಿ ‘ನೆಬ್ರಾಸ್ಕಾ’ ಎಂಬ ಧ್ವನಿಮುದ್ರಿಕೆಯಾಗಿ ಹೊರಬಂದವು.

ತೀರಿತೆಂದುಕೊಂಡ ತೊಂದರೆ ಕಂಪ್ಯೂಟರಿನೊಂದಿಗೆ ಮರಳಿ ಬಂತು. ಕಂಪ್ಯೂಟರು ದನಿಯನ್ನು ಅಂಕಿಗಳಾಗಿ ಬರೆದಿಡುತ್ತದೆ. ಕಾಂಪ್ಯಾಕ್ಟ್ ಡಿಸ್ಕಿನ ಮಟ್ಟದಲ್ಲಿ ಸೆಕೆಂಡಿಗೆ 44,100 ಅಂಕಿ. ಎಡ ಬಲ ಎರಡೂ ಸೇರಿ 1,76,400 ಬೈಟುಗಳು. 1985ರ ಅಟಾರಿ 520 ಎಸ್‌ಟಿ ಕಂಪ್ಯೂಟರಿನ 512 ಕಿಲೋಬೈಟ್ ಸ್ಮೃತಿಯಲ್ಲಿ ಮೂರು ಸೆಕೆಂಡಿನ ದನಿಗೂ ಜಾಗ ಸಾಲದು. ಆದ್ದರಿಂದ ಆಗ ಅದು ದನಿಯನ್ನು ಹೊರದೆ, 1983ರಲ್ಲಿ ಬಂದ ಮಿಡಿ ಪದ್ಧತಿಯಂತೆ, ಯಾವ ಮನೆಯನ್ನು ಎಷ್ಟು ಬಲವಾಗಿ ಒತ್ತಬೇಕೆಂಬ ಆಜ್ಞೆಯನ್ನು ಮಾತ್ರ ಕೀಬೋರ್ಡಿಗೆ ಕಳಿಸುತ್ತಿತ್ತು. 1991ರ ಪ್ರೊ ಟೂಲ್ಸ್ ನಿಜವಾದ ದನಿಯ ನಾಲ್ಕು ಸಾಲುಗಳನ್ನು ನಿಭಾಯಿಸಿತಾದರೂ ಅದಕ್ಕೆ ಪ್ರತ್ಯೇಕವಾದ, ದುಬಾರಿ ಹಲಗೆಗಳು ಬೇಕಾಗಿದ್ದವು.

ತೊಂಬತ್ತರ ದಶಕದಲ್ಲಿ ಈ ಕೆಲಸವೆಲ್ಲ ಮನೆಯ ಸಾಧಾರಣ ಕಂಪ್ಯೂಟರಿನ ಹೆಗಲಿಗೆ ಬಿತ್ತು. ಅದಕ್ಕೆ ಮಾಡಲು ನೂರು ಕೆಲಸ. ಕಛೇರಿಯಲ್ಲಿ ಟಪಾಲನ್ನು ಒಂದೊಂದಾಗಿ ತಾರದೆ ಕಟ್ಟುಕಟ್ಟಾಗಿ ಮೇಜಿಗೆ ತರುವುದಿಲ್ಲವೇ? ಹಾಗೆಯೇ ಅಂಕಿಗಳನ್ನೂ ಅದು ಕಟ್ಟು ಕಟ್ಟಿ ವಿಲೇವಾರಿ ಮಾಡುತ್ತದೆ. ಈ ಕಟ್ಟಿಗೆ ಬಫರ್ ಎಂದು ಹೆಸರು. 1,024 ಅಂಕಿಗಳ ಕಟ್ಟು ತುಂಬಲು 23 ಮಿಲಿಸೆಕೆಂಡು ಬೇಕು. ಒಳಬರುವಾಗೊಮ್ಮೆ, ಹೊರಹೋಗುವಾಗೊಮ್ಮೆ, ಒಟ್ಟು 46. ಗಾಳಿಯಲ್ಲಿ ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ, ಇದು ಹಾಡುಗಾರರಿಗೆ ಮೃದಂಗ ಹದಿನೈದು ಹದಿನಾರು ಮೀಟರ್ ದೂರದಿಂದ ಕೇಳಿಸಿದಂತೆ! ಹಾಗೆಂದು ಕಟ್ಟನ್ನು ತೀರ ಚಿಕ್ಕದು ಮಾಡಿದರೆ ಕಂಪ್ಯೂಟರಿಗೆ ಉಸಿರಾಡಲು ಪುರಸತ್ತಿಲ್ಲದೆ ಚಟಪಟ ಸದ್ದು ಬರುತ್ತದೆ. ಇದರ ಮೇಲೆ ವಿಂಡೋಸ್ ತನ್ನ ಕಡೆಯಿಂದ ಇನ್ನಷ್ಟು ತಡ ಸೇರಿಸುತ್ತಿತ್ತು. ಆ ಸುತ್ತುದಾರಿಯನ್ನು ತಪ್ಪಿಸಿ ನೇರದಾರಿ ಕೊಟ್ಟದ್ದು ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಎಸಿಯೋ ಎಂಬ ಏರ್ಪಾಡು.

ಈಗ ನಮ್ಮ ಮನೆಗೆ ಬರೋಣ. ದನಿ ತಡವಾದರೆ ಮೊದಲು ಹೆಡ್‌ಫೋನನ್ನು ನೋಡಿ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನು ತಾನೇ ನೂರು ಮಿಲಿಸೆಕೆಂಡಿಗೂ ಮಿಕ್ಕಿ ತಡಮಾಡುವುದುಂಟು, ತಂತಿಯದನ್ನೇ ಬಳಸಿ. ಎರಡನೆಯದಾಗಿ, ಮೈಕನ್ನು ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯಿದ್ದರೆ, ಕಂಪ್ಯೂಟರನ್ನು ಹಾಯದೆ ನೇರವಾಗಿ ದನಿ ಕೇಳಿಸುವ ಗುಂಡಿ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿ, ಕಂಪ್ಯೂಟರಿನಿಂದ ಬರುವ ನಿಮ್ಮದೇ ಎರಡನೆಯ ದನಿಯನ್ನು ಮುಚ್ಚಿ. ಮೂರನೆಯದಾಗಿ, ವಿಂಡೋಸ್ ಆಗಿದ್ದರೆ ಆ ಪೆಟ್ಟಿಗೆಯ ಎಸಿಯೋ ಚಾಲಕವನ್ನು ಆರಿಸಿ. ನಾಲ್ಕನೆಯದಾಗಿ, ಹಾಡುವಾಗ ಬಫರ್ 128ಕ್ಕೆ ಇಳಿಸಿ, ಚಟಪಟ ಬಂದರೆ 256ಕ್ಕೆ ಏರಿಸಿ. ಹಾಡಿ ಮುಗಿಸಿ ಹದಗೊಳಿಸುವಾಗ 1,024 ಇದ್ದರೂ ಅಡ್ಡಿಯಿಲ್ಲ. ಎಲ್ಲ ಮಾಡಿಯೂ ಮುದ್ರಿತವಾದ ಸಾಲು ಹಿಂದೆ ಬಿದ್ದಿದ್ದರೆ, ಒಂದು ಚಪ್ಪಾಳೆಯನ್ನು ಅಳತೆಗಿಟ್ಟುಕೊಂಡು ಆ ಸಾಲನ್ನೇ ಮುಂದಕ್ಕೆ ಸರಿಸಬಹುದು. 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿಯಲ್ಲಿಯೂ ಇದಕ್ಕೆ ಅನುಕೂಲವಿದೆ. ಇವುಗಳಲ್ಲಿ ನೇರ ಕೇಳಿಸುವ ಗುಂಡಿಗೂ 1957ರ ಸೆಲ್-ಸಿಂಕಿಗೂ ತತ್ತ್ವ ಒಂದೇ: ಹಾಡುವವರ ಕಿವಿಯನ್ನು ಯಂತ್ರಕ್ಕಾಗಿ ಕಾಯಿಸಬಾರದು.

2020ರ ಕೊರೊನಾ ಕಾಲದಲ್ಲಿ ವಿಡಿಯೋ ಕರೆಯ ಮೂಲಕ ಒಟ್ಟಾಗಿ ಹಾಡಲು ಹೋಗಿ, ಒಬ್ಬರ ದನಿ ಇನ್ನೊಬ್ಬರಿಗೆ ಹಿಂದುಮುಂದಾಗಿ ಕೇಳಿಸಿದ್ದನ್ನು ಬಹಳ ಮಂದಿ ಅನುಭವಿಸಿದ್ದಾರೆ. ಕೊನೆಗೆ ಅವರವರ ಮನೆಯಲ್ಲಿ ಅವರವರು ಹಾಡಿ ಕಳಿಸಿದ್ದನ್ನು ಒಬ್ಬರು ಕೂಡಿಸಬೇಕಾಯಿತು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಈ ವಿಷಯ ಬರಿಯ ಹವ್ಯಾಸದ್ದಲ್ಲ. ಬೀಸುವ ಪದ, ಹಸೆಹಾಡು, ಆರತಿ ಹಾಡುಗಳನ್ನು ಪುಸ್ತಕ ನೋಡದೆ ಹಾಡಬಲ್ಲವರು ಈಗ ಮನೆಗೊಬ್ಬರಿದ್ದರೆ ಹೆಚ್ಚು. ಅವರು ಊರಿನಿಂದ ಬಂದು ನಮ್ಮಲ್ಲಿರುವುದು ನಾಲ್ಕು ದಿನ. ಅವರನ್ನು ಕೂರಿಸುವ ಹಿಂದಿನ ದಿನವೇ ಮನೆಯವರೊಬ್ಬರು ಹಾಡಿ ಯಂತ್ರವನ್ನು ಪರೀಕ್ಷಿಸಿಡಲಿ. ಹಿರಿಯರಿಗೆ ಹೆಡ್‌ಫೋನು ಒಗ್ಗದಿದ್ದರೆ ಒತ್ತಾಯ ಬೇಡ. ತಾಳವನ್ನು ಅವರ ತೊಡೆಯ ಮೇಲೆ ಅವರ ಕೈಯೇ ಹಾಕಿಕೊಳ್ಳಲಿ, ಯಂತ್ರ ಸುಮ್ಮನೆ ಬರೆದುಕೊಳ್ಳಲಿ.