ಹರಿಹರದ ಸೇತುವೆ ಮತ್ತು ಪಾನನಿರೋಧದ ಮೊಕದ್ದಮೆಗಳು

ಹರಿಹರದ ತುಂಗಭದ್ರಾ ಸೇತುವೆಯನ್ನು ಇಂದು ದಾಟುವವರಿಗೆ ಈ ಹೊಳೆ ಒಮ್ಮೆ ರಾಜ್ಯದ ಗಡಿಯಾಗಿತ್ತೆಂಬುದು ಹೊಳೆಯಲಾರದು. 1956ರವರೆಗೆ ಈಚೆಯ ದಡ ಮೈಸೂರಿನದು. ಆಚೆಯ ರಾಣೆಬೆನ್ನೂರು ಸೀಮೆ ಮುಂಬಯಿ ಆಡಳಿತದ್ದು. ಮೈಸೂರಿನಲ್ಲಿ 1948ರಲ್ಲಿಯೂ ಮುಂಬಯಿಯಲ್ಲಿ 1949ರಲ್ಲಿಯೂ ಪಾನನಿರೋಧ ಕಾಯ್ದೆಗಳಾದವು. ಮದ್ಯವನ್ನು ಕುಡಿಯುವುದಷ್ಟೇ ಅಲ್ಲ, ಸಾಗಿಸುವುದೂ ಅಪರಾಧವಾಯಿತು.

ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರೆ ಆರೋಪಿಗೆ ಸೆಷನ್ಸ್ ನ್ಯಾಯಾಲಯದಲ್ಲಿ ಮೇಲ್ಮನವಿಯ ಅವಕಾಶವಿತ್ತು. ಬಿಡುಗಡೆಯಾದರೆ ಸರ್ಕಾರವೇ ಬೆಂಗಳೂರಿನ ಅಠಾರಾ ಕಚೇರಿಯಲ್ಲಿದ್ದ ಹೈಕೋರ್ಟಿಗೆ ಹೋಗಬಹುದಿತ್ತು.

ಇಂಥ ಮೇಲ್ಮನವಿಗಳಲ್ಲಿ ಚರ್ಚೆಗೆ ಬರುವ ಪ್ರಶ್ನೆಗಳು ಸಣ್ಣವೆಂದು ತೋರುತ್ತವೆ. ಶೋಧನೆಗೆ ಕರೆದ ಪಂಚರು ಅದೇ ಊರಿನ ಗೌರವಸ್ಥರೇ? ಶೀಸೆಗೆ ಒತ್ತಿದ ಮೊಹರು ರಾಸಾಯನಿಕ ಪರೀಕ್ಷಕರನ್ನು ತಲುಪುವವರೆಗೂ ಕೆಡದೆ ಇದ್ದಿತೇ? ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನಂತೂ 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು ಆರೋಪಿಯ ವಿರುದ್ಧದ ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು: ತಾನು ಹೊತ್ತದ್ದೇನೆಂದು ಹೊತ್ತವನಿಗೆ ತಿಳಿದಿತ್ತೇ?

ಸರಕಿನ ಒಡೆಯ ಮರೆಯಲ್ಲಿರಬಹುದು. ಸೆರೆ ಸಿಕ್ಕುವವನು ಬಾಡಿಗೆಗೆ ಗಾಡಿ ಹೂಡಿದವನು. ಅವನು ಜೈಲಿಗೆ ಹೋದರೆ ಮನೆಯ ಒಲೆ ಉರಿಯದು. ಆದ್ದರಿಂದ ಮೊಹರು, ಪಂಚನಾಮೆಗಳ ನಿಷ್ಠುರ ಪರೀಕ್ಷೆ ವಕೀಲರ ಜಾಣತನ ಮಾತ್ರವಲ್ಲ, ಬಡವನಿಗಿದ್ದ ಒಂದೇ ಆಸರೆ.

ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1967ರಲ್ಲಿ, ಪಾನನಿರೋಧ ತೆರವಾಯಿತು. ಗಾಂಧಿಮಾರ್ಗದವರೇ ಅದನ್ನು ತೆಗೆದರೆಂಬುದು ವಿಚಿತ್ರ. ಕುಡಿತದಿಂದ ಮನೆಗಳು ಹಾಳಾಗುವುದನ್ನು ಕಂಡವರಾರೂ ಆ ಕಾಯ್ದೆಯ ಆಶಯವನ್ನು ಹಳಿಯಲಾರರು. ಆದರೆ ಒಳ್ಳೆಯ ಉದ್ದೇಶದ ಕಾಯ್ದೆಗೂ ಸಾಕ್ಷ್ಯ ಬೇಕು. ಪ್ರಿಯ ವಿದ್ಯಾರ್ಥಿಗಳೇ, ಇದನ್ನು ಮರೆಯದಿರಿ.